ಭಾಷೆಯ ಪ್ರಶ್ನೋತ್ತರ: ‘ತಾನು ಬರುತ್ತೇನೆ’ ಎಂಬ ವಾಕ್ಯದಲ್ಲಿ ತಪ್ಪೇನಿದೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ದಿನಪತ್ರಿಕೆಯೊಂದರ ಉಪಸಂಪಾದಕಿ. ಕಳೆದ ತಿಂಗಳು ವರದಿಯೊಂದರಲ್ಲಿ ‘ತಾನು ಹಣ ಹಿಂದಿರುಗಿಸುತ್ತೇನೆ ಎಂದು ಆರೋಪಿ ಹೇಳಿದ್ದಾನೆ’ ಎಂದು ಬರೆದಿದ್ದೆ. ಹಿರಿಯರೊಬ್ಬರು ಅದನ್ನು ಹೊಡೆದುಹಾಕಿ ‘ತಾನು ಹಣ ಹಿಂದಿರುಗಿಸುವುದಾಗಿ’ ಎಂದು ತಿದ್ದಿದರು. ‘ತಾನು’ ಎಂಬುದು ‘ಅವನು’, ‘ಅವಳು’ ಇರುವ ಪ್ರಥಮ ಪುರುಷಕ್ಕೆ ಸೇರಿದ್ದು, ‘-ಏನೆ’ ಎಂಬುದು ‘ನಾನು’ ಇರುವ ಉತ್ತಮ ಪುರುಷದ ಪ್ರತ್ಯಯ, ಆದ್ದರಿಂದ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲ ಎಂಬುದು ಅವರ ವಾದ. ಆದರೆ ಇಂಥ ವಾಕ್ಯಗಳನ್ನು ನಾವು ದಿನವೂ ಕೇಳುತ್ತೇವಲ್ಲ? ಇದು ನಿಜವಾಗಿಯೂ ತಪ್ಪೇ?

ಉತ್ತರ: ನಿಮ್ಮ ವಾಕ್ಯದಲ್ಲಿ ತಪ್ಪಿಲ್ಲ. ಅಷ್ಟೇ ಅಲ್ಲ, ಅದು ಕಳೆದ ಎರಡು ದಶಕಗಳಿಂದ ಜಗತ್ತಿನ ಹಲವು ಭಾಷೆಗಳನ್ನು ಮುಂದಿಟ್ಟುಕೊಂಡು ಭಾಷಾವಿಜ್ಞಾನಿಗಳು ನಡೆಸುತ್ತಿರುವ ಒಂದು ದೊಡ್ಡ ಚರ್ಚೆಯ ನಡುವೆ ಕುಳಿತಿರುವ ವಾಕ್ಯ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

‘ರವಿ ನಾನು ಬರುತ್ತೇನೆ ಎಂದು ಹೇಳಿದ’ ಎಂಬ ಸರಳ ವಾಕ್ಯದಿಂದ ತೊಡಗೋಣ. ಇಲ್ಲಿ ಬರುವವನು ಯಾರು? ಕನ್ನಡ ಬಲ್ಲವರಿಗೆ ಅನುಮಾನವೇ ಇಲ್ಲ, ಬರುವವನು ರವಿ. ಇದನ್ನೇ ಇಂಗ್ಲಿಷಿನಲ್ಲಿ ‘ರವಿ ಸೆಡ್ ದಟ್ ಐ ವಿಲ್ ಕಮ್’ ಎಂದರೆ ಬರುವವನು ರವಿಯಲ್ಲ, ಈ ಸುದ್ದಿಯನ್ನು ಹೇಳುತ್ತಿರುವ ವ್ಯಕ್ತಿ. ಇಂಗ್ಲಿಷಿನ ಈ ನಡವಳಿಕೆಯನ್ನು ಕಂಡ ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇವಿಡ್ ಕಪ್ಲಾನ್ 1977ರಲ್ಲಿ ಸಿದ್ಧಪಡಿಸಿ 1989ರಲ್ಲಿ ಅಚ್ಚಾದ ತಮ್ಮ ಬರಹದಲ್ಲಿ ಒಂದು ದಿಟ್ಟ ಮಾತನ್ನಾಡಿದರು. ‘ನಾನು’, ‘ನೀನು’, ‘ಇಲ್ಲಿ’, ‘ಇಂದು’ ಮುಂತಾದ ಪದಗಳ ಅರ್ಥವು ಮಾತನಾಡುತ್ತಿರುವ ನಿಜವಾದ ಸಂದರ್ಭಕ್ಕೇ ಕಟ್ಟುಬಿದ್ದಿರುತ್ತದೆ, ಅದನ್ನು ಬೇರೊಂದು ಸಂದರ್ಭಕ್ಕೆ ಹೊರಳಿಸಬಲ್ಲ ಶಕ್ತಿ ಭಾಷೆಯ ಯಾವ ಘಟಕಕ್ಕೂ ಇಲ್ಲ ಎಂಬುದು ಅವರ ನಿಲುವು. ಅಂಥದ್ದೊಂದು ಘಟಕ ಇದ್ದರೆ ಅದನ್ನು ರಾಕ್ಷಸ ಎನ್ನಬೇಕಾಗುತ್ತದೆ ಎಂದು ಅದಕ್ಕೊಂದು ಹೆಸರನ್ನೂ ಅವರು ಇಟ್ಟರು. ಆ ಹೆಸರು ಇಂದಿಗೂ ಉಳಿದಿದೆ, ಸಂಶೋಧನಾ ಪ್ರಬಂಧಗಳ ಶೀರ್ಷಿಕೆಗಳಲ್ಲಿ ರಾಕ್ಷಸರು ಇಂದಿಗೂ ಓಡಾಡುತ್ತಿದ್ದಾರೆ.

ಅನಂತರ ಇಂಗ್ಲಿಷಿನ ಆಚೆ ನೋಡತೊಡಗಿದಾಗ ರಾಕ್ಷಸರು ಒಂದೊಂದಾಗಿ ಸಿಕ್ಕಿದರು. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ‘ನಾನು ವೀರ ಎಂದು ಜಾನ್ ಹೇಳುತ್ತಾನೆ’ ಎಂದರೆ ವೀರನು ಜಾನ್ ಆಗಬಹುದು ಎಂಬುದನ್ನು ಆಧಾರವಾಗಿಟ್ಟುಕೊಂಡು ಫಿಲಿಪ್ ಶ್ಲೆಂಕರ್ 2003ರಲ್ಲಿ ಕಪ್ಲಾನರ ನಿಲುವನ್ನು ಪ್ರಶ್ನಿಸಿದರು. ಪೂರ್ವ ಟರ್ಕಿಯ ಜಾಜಾಕಿ ಭಾಷೆಯನ್ನು ಪರೀಕ್ಷಿಸಿದ ಪ್ರಣವ್ ಆನಂದ್ ಮತ್ತು ಆಂಡ್ರ್ಯೂ ನೆವಿನ್ಸ್ 2004ರಲ್ಲಿ ಇನ್ನೂ ಕುತೂಹಲಕರವಾದ ಸಂಗತಿಯನ್ನು ತೋರಿಸಿದರು: ಒಂದೇ ಉಪವಾಕ್ಯದೊಳಗೆ ಇಂಥ ಎರಡು ಪದಗಳಿದ್ದರೆ ಅವು ಒಟ್ಟಿಗೇ ಹೊರಳುತ್ತವೆ, ಒಂದು ರವಿಯ ಕಡೆಗೂ ಇನ್ನೊಂದು ವರದಿಗಾರನ ಕಡೆಗೂ ನೋಡುವುದಿಲ್ಲ. ವಾಯವ್ಯ ಅಮೆರಿಕದ ಮೂಲನಿವಾಸಿಗಳ ಭಾಷೆಯಾದ ನೆಜ್ ಪರ್ಸ್ ಕುರಿತು ವರ್ಷಗಟ್ಟಲೆ ಕೆಲಸ ಮಾಡಿರುವ ಏಮಿ ರೋಸ್ ಡೀಲ್ ಅವರು, ಭಾಷೆಯಿಂದ ಭಾಷೆಗೆ ಕಾಣುವ ವ್ಯತ್ಯಾಸ ಮನಬಂದಂತೆ ಇರುವುದಿಲ್ಲ ಎಂದು 2020ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ‘ನೀನು’ ಹೊರಳುವ ಕಡೆ ‘ನಾನು’ ಕೂಡ ಹೊರಳುತ್ತದೆ, ಆದರೆ ‘ನಾನು’ ಮಾತ್ರ ಹೊರಳಿ ‘ನೀನು’ ಹೊರಳದ ಭಾಷೆಗಳಿವೆ. ಹಾಗೆಯೇ ‘ಹೇಳು’ ಎಂಬಂಥ ಮಾತಿನ ಕ್ರಿಯಾಪದಗಳು ಈ ಹೊರಳಿಕೆಗೆ ಮೊದಲು ಎಡೆಕೊಡುತ್ತವೆ, ‘ಅಂದುಕೊಳ್ಳು’ ಎಂಬಂಥವು ಅನಂತರ.

ಇಷ್ಟನ್ನು ಕೇಳಿದವರು ಒಂದು ಆಕ್ಷೇಪವನ್ನು ಎತ್ತುವುದು ಸಹಜ. ಇದರಲ್ಲಿ ವಿಶೇಷವೇನಿದೆ, ರವಿ ಆಡಿದ ಮಾತನ್ನು ಉದ್ಧರಣ ಚಿಹ್ನೆಯಿಲ್ಲದೆ ಹಾಗೆಯೇ ಇಟ್ಟಿದ್ದೇವೆ, ಅಷ್ಟೇ ಅಲ್ಲವೇ? ಈ ಆಕ್ಷೇಪವನ್ನು ಪರೀಕ್ಷೆಗೆ ಒಡ್ಡಬಹುದು. ‘ರವಿ ನಾನು ಯಾರನ್ನು ಕರೆಯುತ್ತೇನೆ ಎಂದು ಹೇಳಿದ?’ ಎಂದು ನಾನು ನಿಮ್ಮನ್ನು ಕೇಳಿದರೆ ನೀವು ‘ಸೀತೆಯನ್ನು’ ಎಂದು ಉತ್ತರಿಸುತ್ತೀರಿ. ಇಲ್ಲಿ ಪ್ರಶ್ನೆ ಕೇಳುತ್ತಿರುವವನು ನಾನು, ರವಿಯಲ್ಲ, ‘ಯಾರನ್ನು’ ಎಂಬ ಪದ ರವಿಯ ಬಾಯಿಂದ ಬಂದದ್ದೇ ಅಲ್ಲ. ಅಂದರೆ ಆ ಉಪವಾಕ್ಯವನ್ನು ರವಿಯ ಮಾತಿನ ಯಥಾಪ್ರತಿ ಎನ್ನಲಾಗದು. ಹಾಗಿದ್ದರೂ ಅದರೊಳಗಿನ ‘ನಾನು’ ರವಿಯೇ ಆಗಿ ಉಳಿದಿದೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಆರೋಪಿ ಪೊಲೀಸರ ಮುಂದೆ ‘ತಾನು ಹಣ ಹಿಂದಿರುಗಿಸುತ್ತೇನೆ’ ಎಂದು ಎಂದೂ ಹೇಳಿರಲಾರ, ಅವನು ಹೇಳಿದ್ದು ‘ನಾನು ಹಿಂದಿರುಗಿಸುತ್ತೇನೆ’ ಎಂದು. ‘ತಾನು’ ಎಂಬುದು ವರದಿಗಾರ್ತಿಯಾದ ನಿಮ್ಮ ಪದ, ‘-ಏನೆ’ ಎಂಬ ಪ್ರತ್ಯಯ ಅವನ ದೃಷ್ಟಿಯಿಂದ ಬಂದದ್ದು. ಒಂದೇ ಉಪವಾಕ್ಯದಲ್ಲಿ ಕರ್ತೃಪದ ನಿಮ್ಮ ಕಡೆಗೆ ವಾಲಿದೆ, ಕ್ರಿಯಾಪದ ಅವನ ಕಡೆಗೆ ವಾಲಿದೆ. ಗೌರವ ಬಹುವಚನ ಬಂದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ತಾವು ಸ್ಪರ್ಧಿಸುತ್ತೇನೆ ಎಂದು ಶಾಸಕರು ಹೇಳಿದರು’ ಎಂಬಂಥ ವಾಕ್ಯಗಳು ಪತ್ರಿಕೆಗಳಲ್ಲಿ ಕಾಣಸಿಗುತ್ತವೆ. ‘ತಾವು’ ಎಂಬಲ್ಲಿರುವ ಗೌರವ ವರದಿಗಾರರು ಸಲ್ಲಿಸಿದ್ದು, ‘-ಏನೆ’ ಎಂಬಲ್ಲಿರುವ ಏಕವಚನ ಶಾಸಕರು ತಮ್ಮನ್ನು ಕುರಿತು ತಾವೇ ಆಡಿದ್ದು. ಯಾರೂ ಕಲಿಸದಿದ್ದರೂ ಇಷ್ಟು ಸೂಕ್ಷ್ಮವಾದ ಹಂಚಿಕೆಯನ್ನು ಕನ್ನಡಿಗರು ಮಾಡುತ್ತಾರೆ ಎಂಬುದು ನನಗೆ ಪ್ರತಿಸಲವೂ ಬೆರಗು ಹುಟ್ಟಿಸುತ್ತದೆ.

ತಮಿಳಿನಲ್ಲಿಯೂ ‘ತಾನ್’ ಕರ್ತೃವಾಗಿದ್ದು ಕ್ರಿಯಾಪದ ಉತ್ತಮ ಪುರುಷದಲ್ಲಿ ಬರುವ ಇಂಥದೇ ರಚನೆಯಿದೆ. ಅದನ್ನು 2012ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿಶ್ಲೇಷಿಸಿದ ಸಂಧ್ಯಾ ಸುಂದರೇಶನ್ ಅವರು, ಕಪ್ಲಾನರ ರಾಕ್ಷಸನನ್ನು ನೆನಪಿಸುವಂತೆ, ಇದಕ್ಕೆ ‘ರಾಕ್ಷಸ ಹೊಂದಿಕೆ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ತೆಲುಗಿನ ಇದೇ ಬಗೆಯ ವಾಕ್ಯಗಳ ಮೇಲೆ ಟ್ರಾಯ್ ಮೆಸ್ಸಿಕ್ ಬರೆದಿದ್ದಾರೆ. ನಿಮ್ಮ ವಾಕ್ಯ ಈ ಒಡಹುಟ್ಟಿದ ಭಾಷೆಗಳ ಸಾಲಿನಲ್ಲಿ ಸಲೀಸಾಗಿ ನಿಲ್ಲುತ್ತದೆ. ಹಿರಿಯರ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ ‘ತಾನು ಹಣ ಹಿಂದಿರುಗಿಸುತ್ತಾನೆ ಎಂದು ಆರೋಪಿ ಹೇಳಿದ್ದಾನೆ’ ಎಂದು ಬರೆದು ನೋಡಿ, ಬಹುಮಂದಿ ಓದುಗರ ಕಿವಿಗೆ ಅದು ಒಗ್ಗುವುದಿಲ್ಲ. ಹೊಂದಿಕೆಯ ನಿಯಮವೇ ನಿಜವಾದ ಕಾರಣವಾಗಿದ್ದರೆ ಸರಿಯಾಗಿ ಕೇಳಿಸಬೇಕಾಗಿದ್ದುದು ಈ ರೂಪ. ‘ಹಿಂದಿರುಗಿಸುವುದಾಗಿ’ ಎಂಬ ತಿದ್ದುಪಡಿ ಒಳ್ಳೆಯ ಕನ್ನಡವೇ, ಶೈಲಿಗಾಗಿ ಅದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ತಪ್ಪೆಂದು ಹೇಳಿ ನಿಮ್ಮ ವಾಕ್ಯವನ್ನು ಹೊಡೆದುಹಾಕುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು. ನೀವು ‘ತಾನು ಹಣ ಹಿಂದಿರುಗಿಸುವುದಿಲ್ಲ ಎಂದು ಆರೋಪಿ ಹೇಳಿದ್ದಾನೆ’ ಎಂದು ಬರೆದಿದ್ದರೆ ಹಿರಿಯರ ಕೆಂಪು ಶಾಯಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅದೇಕೆ ಎಂಬುದಕ್ಕೆ ಮುಂದಿನ ಪತ್ರದಲ್ಲಿ ಎಡೆಯಿದೆ.

ಪ್ರಶ್ನೆ: ನಮ್ಮದು ಬಂಟ್ವಾಳ ತಾಲೂಕು, ಮನೆಮಾತು ತುಳು, ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾಗಿದ್ದೇನೆ. ತುಳುವಿನಲ್ಲಿ ‘ಯಾನ್ ಪೋಪುಜಿ, ಆಯೆ ಪೋಪುಜೆ, ಆರ್ ಪೋಪುಜೆರ್’ ಎಂದು ನಿಷೇಧದಲ್ಲಿಯೂ ಕ್ರಿಯಾಪದ ಬದಲಾಗುತ್ತದೆ. ಕನ್ನಡದಲ್ಲಿ ಮಾತ್ರ ನಾನು, ಅವನು, ಅವರು ಎಲ್ಲರಿಗೂ ‘ಹೋಗುವುದಿಲ್ಲ’ ಒಂದೇ. ಕನ್ನಡದ ನಿಷೇಧ ಹೀಗೆ ಬಡವಾದದ್ದು ಯಾಕೆ?

ಉತ್ತರ: ಬಡವಾಗಿದೆ ಎಂದು ನೀವು ನೊಂದುಕೊಳ್ಳಬೇಕಾಗಿಲ್ಲ. ಫಿನ್ನಿಶ್ ಭಾಷೆ ತುಳುವಿನ ದಾರಿಯಲ್ಲಿದೆ. ಅಲ್ಲಿ ‘ಇಲ್ಲ’ ಎಂಬುದೇ ಕ್ರಿಯಾಪದದಂತೆ ಪುರುಷ ವಚನಗಳಿಗೆ ತಕ್ಕಂತೆ ‘ಎನ್, ಎತ್, ಎಇ’ ಎಂದು ಬದಲಾಗುತ್ತದೆ, ‘ಬರು’ ಎಂಬರ್ಥದ ‘ತುಲೆ’ ಮಾತ್ರ ಬದಲಾಗದೆ ನಿಲ್ಲುತ್ತದೆ. ಕನ್ನಡ ಬೇರೊಂದು ದಾರಿಯನ್ನು ಹಿಡಿದಿದೆ, ಮತ್ತು ಆ ದಾರಿ ಸಿದ್ಧಾಂತಕಾರರನ್ನು ಹೆಚ್ಚು ಯೋಚನೆಗೆ ಹಚ್ಚಿದೆ.

ಹೈದರಾಬಾದಿನಲ್ಲಿ ದೀರ್ಘಕಾಲ ಅಧ್ಯಾಪನ ಮಾಡಿದ ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ ಅವರು 2005ರ ಒಂದು ಲೇಖನದಲ್ಲಿ ಕನ್ನಡದ ಈ ಗುಣವನ್ನೇ ಎತ್ತಿಕೊಂಡರು. ಕನ್ನಡದಲ್ಲಿ ಆಖ್ಯಾತಪ್ರತ್ಯಯವಾಗಲಿ (ಕ್ರಿಯಾಪದದ ಕೊನೆಯಲ್ಲಿ ಪುರುಷ, ವಚನಗಳನ್ನು ತೋರುವ ಪ್ರತ್ಯಯ) ‘ಇಲ್ಲ’ ಎಂಬುದಾಗಲಿ ಒಂದು ವಾಕ್ಯವನ್ನು ಪೂರ್ಣಗೊಳಿಸುತ್ತದೆ, ಎರಡೂ ಒಟ್ಟಿಗೆ ಬರುವುದಿಲ್ಲ ಎಂಬುದು ಅವರು ಕಂಡ ಸಂಗತಿ. ‘ಬರುತ್ತೇನೆ’ ಎಂದಾಗ ವಾಕ್ಯವನ್ನು ಮುಗಿಸುವುದು ‘-ಏನೆ’. ‘ಬರುವುದಿಲ್ಲ’ ಎಂದಾಗ ಮುಗಿಸುವುದು ‘ಇಲ್ಲ’, ಅದರ ಹಿಂದಿರುವ ‘ಬರುವುದು’ ಬರಿಯ ಕೃದಂತ, ಅಂದರೆ ತಾನೇ ವಾಕ್ಯವನ್ನು ಮುಗಿಸಲಾರದ ಧಾತುಜನ್ಯ ರೂಪ. ಇವೆರಡೂ ಒಂದೇ ಕುರ್ಚಿಗೆ ಹಕ್ಕುದಾರರು, ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮೈಸೂರು ಕಡೆಯ ‘ಬರಲ್ಲ’, ಧಾರವಾಡ ಕಡೆಯ ‘ಬರಂಗಿಲ್ಲ’ ಇವುಗಳಲ್ಲಿಯೂ ಪುರುಷಸೂಚನೆಯಿಲ್ಲ ಎಂಬುದನ್ನು ಗಮನಿಸಿ. ಹುಬ್ಬಳ್ಳಿಯ ಓದುಗರ ‘ತಾನು ಹಿಂದಿರುಗಿಸುವುದಿಲ್ಲ’ ಎಂಬ ವಾಕ್ಯ ಯಾರ ತಿದ್ದುಪಡಿಗೂ ಒಳಗಾಗದಿರುವುದಕ್ಕೆ ಇದೇ ಕಾರಣ, ತಕರಾರಿಗೆ ಬೇಕಾದ ಆಖ್ಯಾತಪ್ರತ್ಯಯವೇ ಅಲ್ಲಿಲ್ಲ.

ಇದಕ್ಕಿಂತ ಸೋಜಿಗದ ಪ್ರಶ್ನೆ ಕಾಲದ್ದು. ‘ಬರಲಿಲ್ಲ’ ಎಂದರೆ ಭೂತಕಾಲ ಎಂದು ಮಕ್ಕಳಿಗೂ ಗೊತ್ತು. ಆದರೆ ಆ ಪದವನ್ನು ಬಿಡಿಸಿದರೆ ಸಿಗುವುದು ‘ಬರಲ್’ ಮತ್ತು ‘ಇಲ್ಲ’. ‘ಬರಲು ಹೇಳಿದೆ’, ‘ಬರಲು ಸಾಧ್ಯವಿದೆ’ ಎಂಬಲ್ಲಿ ಬರುವ ‘ಬರಲು’ ಎಂಬ ರೂಪದಲ್ಲಿ ಭೂತಕಾಲದ ಸುಳಿವು ಎಲ್ಲಿಯೂ ಇಲ್ಲ, ‘ಇಲ್ಲ’ದಲ್ಲಿಯೂ ಇಲ್ಲ. ಹಾಗಾದರೆ ಭೂತಕಾಲ ಎಲ್ಲಿಂದ ಬಂತು? ಒಂದು ವಾಕ್ಯ ಪೂರ್ಣವಾಗಬೇಕಾದರೆ ಅದರಲ್ಲಿ ಕಾಲಸೂಚಕ ಇರಲೇಬೇಕು ಎಂಬುದು ಯುರೋಪಿನ ಭಾಷೆಗಳನ್ನು ನೋಡಿ ಕಟ್ಟಿದ ಸಿದ್ಧಾಂತಗಳ ಬುನಾದಿಯಾಗಿತ್ತು. ಪೂರ್ಣತೆ ಬೇರೆ, ಕಾಲ ಬೇರೆ ಎಂದು ಅಮೃತವಲ್ಲಿಯವರು 2014ರ ಇನ್ನೊಂದು ಲೇಖನದಲ್ಲಿ ಇವೆರಡನ್ನೂ ಬಿಡಿಸಿ ತೋರಿಸಿದ್ದಾರೆ. ಕನ್ನಡದಲ್ಲಿ ನಾವು ಕಾಲವೆಂದು ಗ್ರಹಿಸುವುದು ಬಹುಮಟ್ಟಿಗೆ ಕ್ರಿಯೆ ಮುಗಿದಿದೆಯೇ, ಇನ್ನೂ ಮುಗಿಯಬೇಕಿದೆಯೇ ಎಂಬ ಬಗೆಯಿಂದ ಹುಟ್ಟುತ್ತದೆ ಎಂಬುದು ಆ ವಿಶ್ಲೇಷಣೆಯ ಸಾರ.

ನೀವು ಪಾಠ ಮಾಡಿದ ‘ತಿನ್ನನು, ತಿನ್ನಳು, ತಿನ್ನರು, ತಿನ್ನೆನು’ ಎಂಬ ನಿಷೇಧಾರ್ಥಕ ರೂಪಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಮ್ಮ ಹಳೆಯ ವ್ಯಾಕರಣಗಳು ಪ್ರತಿಷೇಧವೆಂದು ಕರೆದ ಈ ರೂಪಗಳಲ್ಲಿ ಧಾತುವಿದೆ, ಆಖ್ಯಾತಪ್ರತ್ಯಯವಿದೆ, ನಡುವೆ ಕಾಲಸೂಚಕವಿಲ್ಲ, ‘ಇಲ್ಲ’ ಎಂಬ ಅರ್ಥಕ್ಕೆ ಬೇರೆ ಗುರುತೂ ಕಣ್ಣಿಗೆ ಬೀಳುವುದಿಲ್ಲ. ‘ನಾನರಿಯೆ’, ‘ನಾನೊಲ್ಲೆ’ ಎಂದು ಇಂದಿಗೂ ಅಲ್ಲಲ್ಲಿ ಉಳಿದಿರುವ ಈ ರೂಪಗಳಲ್ಲಿ ಕನ್ನಡವೂ ತುಳುವಿನಂತೆ ಪುರುಷವನ್ನು ತೋರುತ್ತಿತ್ತು. ಹೊಸಗನ್ನಡದಲ್ಲಿ ‘ಇಲ್ಲ’ ಬಂದು ಆ ಕುರ್ಚಿಯನ್ನು ಹಿಡಿಯಿತು.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗ ‘ಎರಡು ಬಿಸ್ಕೆಟ್ ತಿನ್ನಲಿಲ್ಲ’ ಎಂದರೆ ಎಷ್ಟು ತಿಂದ, ಎಷ್ಟು ಬಿಟ್ಟ ಎಂದೇ ನನಗೆ ತಿಳಿಯುವುದಿಲ್ಲ. ಕನ್ನಡದ ಮಕ್ಕಳ ಮಾತನ್ನು ಯಾರಾದರೂ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ್ದಾರೆಯೇ? (ಗೃಹಿಣಿ, ದಾವಣಗೆರೆ)

ಉತ್ತರ: ಮಾಡಿದ್ದಾರೆ, ಅದೂ ನಿಮ್ಮ ಮಗ ಹೇಳಿದಂಥ ವಾಕ್ಯವನ್ನೇ ಇಟ್ಟುಕೊಂಡು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಉದಾಹರಿಸಲ್ಪಡುತ್ತದೆ. ಅದರ ಕ್ರಮವನ್ನು ನನ್ನದೇ ಉದಾಹರಣೆಯಿಂದ ವಿವರಿಸುತ್ತೇನೆ.

‘ಗುಂಡ ಎರಡು ಹಕ್ಕಿ ಹಿಡಿಯಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ನಾಲ್ಕು ಹಕ್ಕಿಗಳಿದ್ದವು, ಎರಡನ್ನು ಹಿಡಿದ, ಇನ್ನೆರಡು ಹಾರಿಹೋದವು ಎಂಬ ಕಥೆಗೆ ಈ ವಾಕ್ಯ ಹೊಂದುತ್ತದೆ. ಎರಡೇ ಹಕ್ಕಿಗಳಿದ್ದವು, ಅವನಿಗೆ ಸಿಕ್ಕಿದ್ದು ಒಂದೇ, ಆದ್ದರಿಂದ ಎರಡು ಹಿಡಿದ ಎಂದರೆ ಸುಳ್ಳಾಗುತ್ತದೆ ಎಂಬ ಕಥೆಗೂ ಹೊಂದುತ್ತದೆ. ಮಗುವಿನ ಮುಂದೆ ಆಟಿಕೆಗಳಿಂದ ಒಂದು ಕಥೆಯನ್ನು ನಡೆಸಿ ತೋರಿಸುತ್ತಾರೆ, ಕೊನೆಗೆ ಒಂದು ಗೊಂಬೆ ಬಂದು ಈ ವಾಕ್ಯವನ್ನು ಹೇಳುತ್ತದೆ, ಗೊಂಬೆ ಹೇಳಿದ್ದು ಸರಿಯೋ ತಪ್ಪೋ ಎಂದು ಮಗು ತೀರ್ಮಾನಿಸಬೇಕು. ದೊಡ್ಡವರು ಎರಡೂ ಅರ್ಥಗಳನ್ನು ಒಪ್ಪುತ್ತಾರೆ. ಇಂಗ್ಲಿಷಾಡುವ ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ಎರಡನೆಯ ಅರ್ಥಕ್ಕೇ ಅಂಟಿಕೊಳ್ಳುತ್ತಾರೆ ಎಂಬುದು ಮೊದಲೇ ತಿಳಿದಿತ್ತು. ಇಂಗ್ಲಿಷಿನಲ್ಲಿ ‘ನಾಟ್’ ಮೊದಲು ಬಂದು ‘ಟೂ’ ಅನಂತರ ಬರುವುದರಿಂದ ಮಕ್ಕಳು ಪದಗಳ ಸಾಲನ್ನು ನೋಡಿ ಅರ್ಥಮಾಡಿಕೊಳ್ಳುತ್ತಾರೆ ಎಂದು ಹೇಳಬಹುದಾಗಿತ್ತು. ವಾಕ್ಯದ ಒಳರಚನೆಯಲ್ಲಿಯೂ ‘ನಾಟ್’ ಮೇಲಿದ್ದು ಕರ್ಮಪದ ಕೆಳಗಿರುವುದರಿಂದ, ರಚನೆಯನ್ನು ನೋಡುತ್ತಾರೆ ಎಂದೂ ಹೇಳಬಹುದಾಗಿತ್ತು. ಇಂಗ್ಲಿಷಿನಲ್ಲಿ ಇವೆರಡೂ ಒಂದರ ಮೇಲೊಂದು ಕುಳಿತಿರುವುದರಿಂದ ಯಾವುದು ನಿಜವೆಂದು ಇಂಗ್ಲಿಷಿನಿಂದ ತೀರ್ಮಾನಿಸುವುದು ಸಾಧ್ಯವೇ ಇರಲಿಲ್ಲ.

ಕನ್ನಡದಲ್ಲಿ ಇವೆರಡೂ ಬೇರೆಯಾಗುತ್ತವೆ. ‘ಎರಡು ಹಕ್ಕಿ’ ಮೊದಲು ಕಿವಿಗೆ ಬೀಳುತ್ತದೆ, ‘ಇಲ್ಲ’ ಕೊನೆಯಲ್ಲಿ ಬರುತ್ತದೆ. ಆದರೆ ರಚನೆಯಲ್ಲಿ ‘ಎರಡು ಹಕ್ಕಿ ಹಿಡಿಯಲ್’ ಎಂಬುದು ಒಂದು ಗಂಟು, ಆ ಗಂಟನ್ನು ಹೊರಗಿನಿಂದ ಸುತ್ತಿಕೊಂಡಿರುವುದು ‘ಇಲ್ಲ’. ಮಕ್ಕಳು ಸಾಲನ್ನು ಅನುಸರಿಸುವುದಾದರೆ ಕನ್ನಡದ ಮಕ್ಕಳು ಮೊದಲನೆಯ ಅರ್ಥವನ್ನು ಆರಿಸಬೇಕು, ರಚನೆಯನ್ನು ಅನುಸರಿಸುವುದಾದರೆ ಎರಡನೆಯದನ್ನು. ಕನ್ನಡದ ಮಕ್ಕಳು ಆರಿಸಿದ್ದು ಎರಡನೆಯದನ್ನೇ. ಒಂದರ ಹಿಂದೊಂದು ಬರುವ ಪದಗಳನ್ನು ಕೇಳುತ್ತಲೇ ನಾಲ್ಕು ವರ್ಷದ ಮಗು ಕಣ್ಣಿಗೆ ಕಾಣದ, ಕಿವಿಗೆ ಕೇಳದ ಗಂಟುಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತದೆ ಎಂಬುದಕ್ಕೆ ಇಷ್ಟು ಚೊಕ್ಕವಾದ ಸಾಕ್ಷ್ಯ ಒದಗಿದ್ದು ಕನ್ನಡದಿಂದ. ನಿಮ್ಮ ಮಗ ‘ಎರಡು ಬಿಸ್ಕೆಟ್ ತಿನ್ನಲಿಲ್ಲ’ ಎಂದರೆ ಅವನು ತಿಂದದ್ದು ಒಂದೇ ಇರಬಹುದು ಅಥವಾ ಒಂದನ್ನೂ ತಿಂದಿರಲಿಕ್ಕಿಲ್ಲ ಎಂದು ಮೊದಲು ಊಹಿಸಿ, ಆಮೇಲೆ ಡಬ್ಬಿ ನೋಡಿ. ಆ ವಯಸ್ಸಿನವರಿಗೆ ಇನ್ನೊಂದು ಅರ್ಥ ಅಸಾಧ್ಯವೆಂದಲ್ಲ, ಸಂದರ್ಭ ಒತ್ತಾಸೆಯಾದರೆ ಅದನ್ನೂ ಗ್ರಹಿಸುತ್ತಾರೆ ಎಂದು ಅನಂತರದ ಪ್ರಯೋಗಗಳು ತೋರಿಸಿವೆ.

ಇದೇ ತಂಡದವರು ಚುಂಗ್-ಹೇ ಹಾನ್ ಅವರೊಡನೆ ಕೊರಿಯನ್ ಭಾಷೆಯಲ್ಲಿ ನಡೆಸಿದ ಅಧ್ಯಯನ ಬೇರೆಯೇ ಕಥೆಯನ್ನು ಹೇಳುತ್ತದೆ. ಕೊರಿಯನ್ನಿನಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ‘ಎಲ್ಲ’ ಮತ್ತು ‘ಇಲ್ಲ’ ಕೂಡಿ ಬರುವ ವಾಕ್ಯಗಳನ್ನು ಕೆಲವು ಕೊರಿಯನ್ನರು ಒಂದು ರೀತಿಯಲ್ಲಿ, ಉಳಿದವರು ಇನ್ನೊಂದು ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ತಂದೆತಾಯಿಯರ ಮತ್ತು ಮಕ್ಕಳ ತೀರ್ಮಾನಗಳನ್ನು ಹೋಲಿಸಿದಾಗ, ಮಗುವಿನ ವ್ಯಾಕರಣ ತನ್ನಲ್ಲಿ ತಾನು ಸ್ಥಿರವಾಗಿದ್ದರೂ ಹೆತ್ತವರ ವ್ಯಾಕರಣದಿಂದ ಅದನ್ನು ಊಹಿಸಲಾಗದು ಎಂದು 2016ರಲ್ಲಿ ಅವರು ವರದಿ ಮಾಡಿದರು. ನಿರ್ಧರಿಸಲು ಬೇಕಾದ ವಾಕ್ಯಗಳು ಮನೆಯ ಮಾತಿನಲ್ಲಿ ತೀರ ವಿರಳವಾದಾಗ ಮಗು ತಾನೇ ಒಂದನ್ನು ಆರಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆ.

ಪ್ರಶ್ನೆ: ಹೊರಗಿನ ವಿದ್ವಾಂಸರಿಗೆ ಭಾರತವೆಂದರೆ ಸಂಸ್ಕೃತ, ಹಿಂದಿ ಮಾತ್ರ ಎಂಬ ನನ್ನ ಅನಿಸಿಕೆ ಸರಿಯೇ? (ಎಂ.ಎ. ವಿದ್ಯಾರ್ಥಿ, ಕಲಬುರಗಿ)

ಉತ್ತರ: ಸರಿಯಲ್ಲ. ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಎಲ್ಲ ಭಾಷೆಗಳಿಗೂ ಅನ್ವಯಿಸಬಹುದಾದ 45 ಸಾಮಾನ್ಯ ನಿಯಮಗಳನ್ನು ಮುಂದಿಡಲು ಜಗತ್ತಿನಾದ್ಯಂತ ಆರಿಸಿಕೊಂಡ 30 ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ದ್ರಾವಿಡ ಕುಟುಂಬದ ಪರವಾಗಿ ನಿಂತದ್ದು ಕನ್ನಡವೇ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಚತುರ್ಥಿಯಲ್ಲಿರುವ ‘ನನಗೆ’ ಎಂಬುದು ಕರ್ತೃವೇ ಅಲ್ಲವೇ ಎಂಬುದನ್ನು ಎಸ್.ಎನ್. ಶ್ರೀಧರ್ 1979ರಲ್ಲಿಯೇ ಚರ್ಚಿಸಿದ್ದಾರೆ. ಐಸ್‌ಲ್ಯಾಂಡಿನ ಭಾಷೆಯಲ್ಲಿಯೂ ಚಳಿಯಾದವರು ಚತುರ್ಥಿಯಲ್ಲಿಯೇ ಮಾತನಾಡುತ್ತಾರಾದ್ದರಿಂದ ಈ ವಿಷಯದಲ್ಲಿ ಅವರೂ ನಾವೂ ನೆರೆಹೊರೆ. ದಕ್ಷಿಣ ಏಷ್ಯಾದ ಭಾಷೆಗಳ ರೂಪನಿಷ್ಠ ಅಧ್ಯಯನಕ್ಕೆಂದೇ ‘ಫಸಲ್’ ಎಂಬ ಸಮ್ಮೇಳನ 2011ರಿಂದ ನಡೆಯುತ್ತಿದೆ. ಕೊರತೆಯಿರುವುದು ಹೊರಗಿನವರ ಗಮನದಲ್ಲಲ್ಲ. ಈ ಬರಹಗಳಲ್ಲಿ ಬಹುಪಾಲು ಕನ್ನಡದಲ್ಲಿ ಓದಲು ಸಿಗುವುದಿಲ್ಲ, ಅದು ನನಗೆ ನೋವಿನ ಸಂಗತಿ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಪ್ರಯೋಗಾಲಯ, ಅನುದಾನ ಯಾವುದೂ ಇಲ್ಲದೆ ನನ್ನ ವಿದ್ಯಾರ್ಥಿಗಳಿಂದ ಇಂಥ ಕೆಲಸ ಮಾಡಿಸಬಹುದೇ? (ಅಧ್ಯಾಪಕರು, ಸಿರಸಿ)

ಉತ್ತರ: ಖಂಡಿತ ಮಾಡಿಸಬಹುದು. ಒಂದೇ ಅಂಶದಲ್ಲಿ ವ್ಯತ್ಯಾಸವಿರುವ ಎರಡು ವಾಕ್ಯಗಳನ್ನು ಜೋಡಿಯಾಗಿ ಬರೆದುಕೊಂಡು, ಅವುಗಳಲ್ಲಿ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಮನೆಮಾತು ಕನ್ನಡವಾಗಿರುವವರನ್ನು ಕೇಳುವುದೇ ಮೊದಲ ಹೆಜ್ಜೆ. ಒಗ್ಗದ ವಾಕ್ಯದ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುವುದು ರೂಢಿ. ‘ಸರಿಯಾದ ಕನ್ನಡ ಯಾವುದು’ ಎಂದು ಮಾತ್ರ ಕೇಳಬಾರದು, ಹಾಗೆ ಕೇಳಿದ ಕೂಡಲೇ ಜನ ಪಠ್ಯಪುಸ್ತಕದ ನೆನಪಿನಿಂದ ಉತ್ತರಿಸುತ್ತಾರೆ. ‘ನಿಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೆಯೇ, ಹೇಳಿದರೆ ಏನು ಅರ್ಥವಾಗುತ್ತದೆ’ ಎಂದು ಕೇಳಬೇಕು. ಸಿರಸಿಯ ತರಗತಿಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ ಮಾತನಾಡುವ ಮಕ್ಕಳು ಇದ್ದರೆ ಅವರ ತೀರ್ಮಾನಗಳನ್ನು ಬೇರೆಬೇರೆ ಕಾಲಮ್ಮುಗಳಲ್ಲಿ ಬರೆದಿಡಿ, ಒಂದಕ್ಕೊಂದು ಬೆರೆಸಬೇಡಿ.

ಮೊದಲ ವಾರಕ್ಕೆ ಒಂದು ಜೋಡಿ ಕೊಡುತ್ತೇನೆ. ನಾನು ನಿಮ್ಮೊಡನೆ ಮಾತನಾಡುತ್ತಿದ್ದೇನೆ, ನಡುವೆ ರವಿ ತನ್ನ ತಾಯಿಗೆ ಹೇಳಿದ ಮಾತನ್ನು ನಿಮಗೆ ತಿಳಿಸುತ್ತೇನೆ ಎಂದುಕೊಳ್ಳಿ. ‘ರವಿ ಅಮ್ಮನಿಗೆ ನಾನು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ’ ಎಂಬುದು ಒಂದು ವಾಕ್ಯ, ‘ರವಿ ಅಮ್ಮನಿಗೆ ತಾನು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ’ ಎಂಬುದು ಇನ್ನೊಂದು. ಎರಡರಲ್ಲಿಯೂ ‘ನಿನ್ನನ್ನು’ ಎಂದರೆ ರವಿಯ ತಾಯಿಯೋ, ಮಾತು ಕೇಳುತ್ತಿರುವ ನೀವೋ ಎಂದು ಕನಿಷ್ಠ ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಕೇಳಿಸಿ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಬಂದ ಉತ್ತರಗಳನ್ನು, ಹೇಳಿದವರ ಊರು ಮತ್ತು ಮನೆಮಾತಿನ ವಿವರದೊಡನೆ, ಈ ಅಂಕಣಕ್ಕೆ ಕಳುಹಿಸಿಕೊಡಿ. ಮುಂದಿನ ಸಂಚಿಕೆಯೊಂದರಲ್ಲಿ ಅವುಗಳನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ.